ಹಳೆಯ ಸ್ಪೀಕರಿಗೆ ಯಾವ ವೈರು, ಯಾವ ಕಂಡೆನ್ಸರು?

ನಲವತ್ತು ವರ್ಷ ಹಳೆಯ ಸ್ಪೀಕರ್ ಪೆಟ್ಟಿಗೆಯನ್ನು ಬಿಚ್ಚಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಒಳಗಿನ ಬಡಕಲು ವೈರು. ಫಿಲಿಪ್ಸ್ ಇರಲಿ, ಕಾಸ್ಮಿಕ್ ಇರಲಿ, ಕೋಲ್ಕತ್ತದಲ್ಲಿ 1970ರಲ್ಲಿ ಶುರುವಾದ ಸೋನೊಡೈನ್ ಇರಲಿ, 'ಇಷ್ಟು ಸಣ್ಣ ತಂತಿಯಲ್ಲಿ ಸಂಗೀತ ಹೇಗೆ ಹರಿದೀತು' ಎನಿಸಿಬಿಡುತ್ತದೆ. ಹಾಗೆನಿಸಿದ ಮೇಲೆ ಹೈದರಾಬಾದಿನವರು ನೇರ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ, ಬೆರಳು ಗಾತ್ರದ ದುಬಾರಿ ವೈರು ಕೊಂಡು ತರುತ್ತಾರೆ. ಆ ಹಣ ವ್ಯರ್ಥ. ಹಳೆಯ ಸ್ಪೀಕರಿನ ರಿಪೇರಿಯಲ್ಲಿ ವೈರಿನ ಸರದಿ ಕೊನೆಯದು.

ಲೆಕ್ಕ ನೋಡಿ. ಒಂದು ಚದರ ಮಿ.ಮೀ. ದಪ್ಪದ ತಾಮ್ರದ ತಂತಿ ಒಂದು ಮೀಟರ್ ಉದ್ದಕ್ಕೆ ಒಡ್ಡುವ ರೋಧ ಸುಮಾರು 0.017 ಓಮ್. ಪೆಟ್ಟಿಗೆಯೊಳಗೆ ಹೋಗಿ ಬರುವ ದಾರಿ ಎರಡೂ ಸೇರಿ ಹೆಚ್ಚು ಕಡಿಮೆ ಅಷ್ಟೇ ಉದ್ದ. ಆ ತಂತಿ ಹೋಗಿ ಸೇರುವುದು ಎಲ್ಲಿಗೆ? ವೂಫರಿನ ವಾಯ್ಸ್ ಕಾಯಿಲಿಗೆ. ಅದು ಕೂದಲೆಳೆಯಂಥ ತಂತಿಯನ್ನು ಸುತ್ತಿ ಮಾಡಿದ ಸುರುಳಿ. 8 ಓಮಿನ ಸ್ಪೀಕರಿನಲ್ಲಿ ಅದರ ರೋಧವೇ 6 ಓಮಿನ ಆಸುಪಾಸು. ಅಲ್ಲಿಗೆ ವೈರಿನಿಂದಾಗುವ ನಷ್ಟ ಡೆಸಿಬೆಲ್ಲಿನ ನಲವತ್ತನೇ ಒಂದು ಭಾಗ. ಅದನ್ನು ಕೇಳಿ ಗುರುತಿಸುವ ಕಿವಿ ಇಲ್ಲ. ತಾಮ್ರದ ಬದಲು ಬೆಳ್ಳಿ ಹಾಕಿದರೂ ರೋಧ ಶೇ. 7-8ರಷ್ಟು ತಗ್ಗೀತು, ಅದೂ ಆ 0.017ರಲ್ಲಿ. ಸಣ್ಣ ನಲ್ಲಿಯ ಹಿಂದೆ ದಪ್ಪ ಪೈಪು ಹಾಕಿಸಿದರೆ ಕೊಡ ಬೇಗ ತುಂಬುವುದಿಲ್ಲ. ಎತ್ತರದ ಸ್ವರಗಳ ವಿದ್ಯುತ್ತು ತಂತಿಯ ಹೊರಮೈಯಲ್ಲಷ್ಟೇ ಹರಿಯುತ್ತದೆ ಎಂಬ ವಾದವೂ ಇದೆ. ತತ್ತ್ವ ನಿಜವೇ. ಆದರೆ ಕಿವಿಗೆ ಕೇಳುವ ಕೊನೆಯ ಮಿತಿಯಾದ 20,000 ಹರ್ಟ್ಸ್‌ನಲ್ಲೂ ಅದು ಸುಮಾರು 0.46 ಮಿ.ಮೀ. ಆಳದವರೆಗೆ ಇಳಿದಿರುತ್ತದೆ, ನಮ್ಮ ತಂತಿಯ ತ್ರಿಜ್ಯವೇ 0.56 ಮಿ.ಮೀ.

ಆದ್ದರಿಂದ ಹಳೆಯ ವೈರು ಸರಿಯಿದ್ದರೆ ಹಾಗೇ ಬಿಡಿ. ತುದಿಯಲ್ಲಿ ಸಿಪ್ಪೆ ಸುಲಿದಾಗ ತಾಮ್ರ ಕಪ್ಪಗೋ ಹಸಿರಾಗಿಯೋ ಕಂಡರೆ ಬದಲಾಯಿಸಲೇಬೇಕು, ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ. ಆಗಲೂ ಮನೆಯ ವೈರಿಂಗಿಗೆ ಬಳಸುವ, ಐಎಸ್ 694 ಗುರುತಿರುವ, ಹಲವು ಎಳೆಗಳ ಒಂದು ಚದರ ಮಿ.ಮೀ. ತಾಮ್ರದ ವೈರು ಧಾರಾಳವಾಗಿ ಸಾಕು. ಸ್ಪೀಕರ್ ವೈರೆಂದು ಮಾರುವ ಪಾರದರ್ಶಕ ಕವಚದ ಅಗ್ಗದ ವೈರುಗಳಲ್ಲಿ ಎಷ್ಟೋ ತಾಮ್ರದ ಲೇಪನವಿರುವ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಮೇಲೆ ಕೆಂಪಾಗಿದ್ದು ಒಳಗೆ ಬೆಳ್ಳಗೆ ಕಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಮೇಲೆ ಬೆಳ್ಳಗಿದ್ದು ಒಳಗೆ ಕೆಂಪಾಗಿದ್ದರೆ ಅದು ತವರ ಲೇಪಿಸಿದ ತಾಮ್ರ, ಒಳ್ಳೆಯದೇ.

ವಾಯ್ಸ್ ಕಾಯಿಲಿನಿಂದ ಟರ್ಮಿನಲ್ಲಿಗೆ ಬರುವ ಮೆತ್ತನೆಯ ಹೆಣಿಗೆ ಮಾತ್ರ ಬೇರೆಯೇ ಜಾತಿ. ನೂಲಿನ ಮೇಲೆ ತಾಮ್ರದ ತೆಳು ಪಟ್ಟಿ ಸುತ್ತಿ ಹೆಣೆದದ್ದು ಅದು. ಸೆಕೆಂಡಿಗೆ ಹತ್ತಾರು, ನೂರಾರು ಸಲ ಕೋನಿನ ಜೊತೆ ಬಾಗಿ ನೇರವಾಗುತ್ತಲೇ ಇರಬೇಕು. ಅದು ತುಂಡಾದಾಗ ಮಾಮೂಲಿ ವೈರು ಬೆಸೆದರೆ ಕೆಲವೇ ದಿನದಲ್ಲಿ ಮತ್ತೆ ತುಂಡಾಗುತ್ತದೆ. ಅದೇ ಬಗೆಯ ಹೆಣಿಗೆಯನ್ನೇ ಕೇಳಿ ಹಾಕಿಸಬೇಕು.

ಇನ್ನು ನಿಜವಾದ ರೋಗಿಯ ಬಳಿ ಹೋಗೋಣ. ಪೆಟ್ಟಿಗೆಯ ಹಿಂಬದಿಯಲ್ಲಿ ಕ್ರಾಸ್‌ಓವರ್ ಎಂಬ ಸಣ್ಣ ಹಲಗೆ ಇರುತ್ತದೆ. ತಗ್ಗಿನ ಸ್ವರಗಳನ್ನು ವೂಫರಿಗೂ ಎತ್ತರದವನ್ನು ಟ್ವೀಟರಿಗೂ ಹಂಚುವುದು ಇದರ ಕೆಲಸ. ಕೆಲವು ಪೆಟ್ಟಿಗೆಗಳಲ್ಲಿ ಟ್ವೀಟರಿಗೆ ಒಂದೇ ಒಂದು ಕಂಡೆನ್ಸರು, ಅಷ್ಟೇ. ಅದು 4.7 ಮೈಕ್ರೊಫ್ಯಾರಡ್ ಇದ್ದು ಟ್ವೀಟರು 8 ಓಮ್ ಆಗಿದ್ದರೆ, ಸುಮಾರು 4,200 ಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನು ಟ್ವೀಟರಿಗೆ ಬಿಡುತ್ತದೆ. ಈ ಕಂಡೆನ್ಸರುಗಳಲ್ಲಿ ಹೆಚ್ಚಿನವು ಎಲೆಕ್ಟ್ರೊಲಿಟಿಕ್ ಜಾತಿಯವು. ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರಾವಣದಲ್ಲಿ ನೆನೆದ ಕಾಗದ. ಹೈದರಾಬಾದಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೆಖೆಗೆ ಆ ದ್ರಾವಣ ರಬ್ಬರಿನ ಬಿರಡೆಯಾಚೆ ಹನಿಹನಿಯಾಗಿ ಆವಿಯಾಗುತ್ತದೆ. ದಶಕಗಳ ಬಳಿಕ 4.7 ಇದ್ದದ್ದು 3ಕ್ಕೆ ಇಳಿದಿದ್ದರೆ ಟ್ವೀಟರು ಬಾಯಿ ತೆರೆಯುವುದು 6,600 ಹರ್ಟ್ಸ್ ಮೇಲೆ. ನಡುವಿನ ಜಾಗ ಮಂಕಾಗುತ್ತದೆ. ಹಾಡಿನಲ್ಲಿ ಸ, ಶ, ಷಗಳ ಸ್ಪಷ್ಟತೆ, ತಂಬೂರಿಯ ಝೇಂಕಾರ, ಕವ್ವಾಲಿಯ ಚಪ್ಪಾಳೆಯ ಮೊನಚು ಇವೆಲ್ಲ ಇರುವುದು ಆ ಜಾಗದಲ್ಲೇ. ಸ್ಪೀಕರಿಗೆ ವಯಸ್ಸಾಯಿತು ಎಂದು ನಾವು ಕೊರಗುವುದು ಹಲವು ಸಲ ಈ ಒಂದು ಬಿಡಿಭಾಗದ ವಯಸ್ಸಿಗೆ.

ಬದಲಿ ಕೊಳ್ಳುವಾಗ ಒಂದು ಎಚ್ಚರ. ಪ್ಲಸ್-ಮೈನಸ್ ಗುರುತಿರುವ ಮಾಮೂಲಿ ಎಲೆಕ್ಟ್ರೊಲಿಟಿಕ್ ಇಲ್ಲಿ ನಡೆಯದು. ಸಂಗೀತದ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. 'ಎನ್‌ಪಿ' ಅಥವಾ 'ಬಿಪಿ' ಎಂದು ಬರೆದದ್ದನ್ನೇ ಕೇಳಿ. ಅದಕ್ಕಿಂತ ಉತ್ತಮ ಪಾಲಿಪ್ರೊಪಿಲೀನ್ ಹಾಳೆಯ ಕಂಡೆನ್ಸರು. ಅದರಲ್ಲಿ ಒಣಗಲು ದ್ರಾವಣವೇ ಇಲ್ಲ. ಇದನ್ನು ವಿದೇಶದಿಂದ ತರಿಸಬೇಕೆಂದೇನಿಲ್ಲ. ಕೋಠಿಯಲ್ಲೇ ಇರುವ ಟ್ರೂಪ್ ಬಜಾರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸೀಲಿಂಗ್ ಫ್ಯಾನಿನ ಕಂಡೆನ್ಸರು ಕೇಳಿ: ಒಳಗಿರುವುದು ಅದೇ ಪಾಲಿಪ್ರೊಪಿಲೀನ್. 2.5 ಮತ್ತು 2.25ರ ಎರಡನ್ನು ಸಮಾನಾಂತರವಾಗಿ ಜೋಡಿಸಿದರೆ 4.75, 4.7ಕ್ಕೆ ಇದಕ್ಕಿಂತ ಹತ್ತಿರ ಬೇಕಿಲ್ಲ. ಹಗಲಿರುಳು 230 ವೋಲ್ಟ್ ತಾಳುವ ಈ ಬಿಡಿಭಾಗಕ್ಕೆ ಸ್ಪೀಕರಿನ ಹೊರೆ ಲೆಕ್ಕಕ್ಕೇ ಇಲ್ಲ. ಇದರ ಒಳರೋಧ ತೀರಾ ಕಡಿಮೆಯಾದ್ದರಿಂದ ಟ್ವೀಟರು ಮೂಲಕ್ಕಿಂತ ತುಸು ಚುರುಕಾಗಿ ಕೇಳಬಹುದು. ಹಾಗಾದರೆ ಅರ್ಧ ಓಮಿನ ಒಂದು ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿ.

ಕ್ರಾಸ್‌ಓವರ್ ಹಲಗೆಯ ಮೇಲಿನ ಕಾಯಿಲುಗಳಿಗೆ ಮಾತ್ರ ಕೈ ಹಚ್ಚಬೇಡಿ. ತಾಮ್ರದ ಸುರುಳಿ ಮುದಿಯಾಗುವುದಿಲ್ಲ. ದಪ್ಪ ತಂತಿಯ ಹೊಸ ಕಾಯಿಲು ಹಾಕಿದರೆ ಅದರ ರೋಧ ಬದಲಾಗಿ, ವಿನ್ಯಾಸಕಾರ ಕೂತು ಹೊಂದಿಸಿದ ತಗ್ಗು-ಎತ್ತರಗಳ ಸಮತೋಲ ಕೆಡುತ್ತದೆ. ಒಂದು ಕಾಯಿಲು ಮಲಗಿ ಇನ್ನೊಂದು ನಿಂತಿರುವುದೂ ಕಾರಣವಿಲ್ಲದೆ ಅಲ್ಲ. ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಹಾಯಬಾರದು ಎಂದು. ಹಲಗೆಯನ್ನು ಹೊಸದಾಗಿ ಕಟ್ಟುವವರು ಇದನ್ನು ಮರೆಯುತ್ತಾರೆ.

ವೂಫರಿನ ಅಂಚಿನ ಫೋಮು ಪುಡಿಯಾಗಿದ್ದರೆ ಅದು ಗಾಳಿಯ ತೇವದ ಕೆಲಸ, ಪಾಲಿಯುರಿಥೇನಿನ ಗುಣವೇ ಅದು. ಅಂಚನ್ನಷ್ಟೇ ಬದಲಾಯಿಸಿಕೊಳ್ಳಿ. ರಿಪೇರಿಯವರು ಇಡೀ ಕೋನನ್ನೇ ಬದಲಿಸಿ ಕೊಡುತ್ತೇವೆ ಎಂದರೆ, ವಾಯ್ಸ್ ಕಾಯಿಲು ಸುಟ್ಟಿರದಿದ್ದಲ್ಲಿ, ಬೇಡವೆನ್ನಿ. ಕೋನಿನ ತೂಕ ಬದಲಾದರೆ ಅದರ ಸಹಜ ಕಂಪನದ ಸಂಖ್ಯೆಯೂ ಬದಲಾಗುತ್ತದೆ, ಪೆಟ್ಟಿಗೆಯ ಅಳತೆ ಆಮೇಲೆ ಅದಕ್ಕೆ ಹೊಂದುವುದಿಲ್ಲ.

ಮರುಜೋಡಿಸುವ ಮುನ್ನ 1.5 ವೋಲ್ಟಿನ ಸೆಲ್ಲನ್ನು ಎರಡೂ ಪೆಟ್ಟಿಗೆಗಳ ವೂಫರಿನ ಟರ್ಮಿನಲ್ಲುಗಳಿಗೆ, ಪ್ಲಸ್‌ಗೆ ಪ್ಲಸ್ ಬರುವಂತೆ, ಕ್ಷಣಮಾತ್ರ ಮುಟ್ಟಿಸಿ. ಕೋನು ಎರಡರಲ್ಲೂ ಒಂದೇ ದಿಕ್ಕಿಗೆ ಚಲಿಸಬೇಕು, ಇಲ್ಲದಿದ್ದರೆ ಎರಡರ ತಗ್ಗಿನ ಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ. ಒಳಗಿನ ವೈರುಗಳನ್ನು ಅಲುಗದಂತೆ ಕಟ್ಟಿ. ಮತ್ತು ದಯವಿಟ್ಟು, ತೆಗೆದ ಹಳೆಯ ಬಿಡಿಭಾಗಗಳನ್ನು ಗುಜರಿಗೆ ಹಾಕಬೇಡಿ. ಅವುಗಳ ಬೆಲೆಬಾಳುವ ಅಂಶವೆಂದರೆ ಮೇಲೆ ಬರೆದಿರುವ ಅಂಕಿಗಳು. ಒಂದು ಕವರಿನಲ್ಲಿ ಹಾಕಿ, ಏನನ್ನು ಯಾವ ವರ್ಷ ಬದಲಿಸಿದಿರಿ ಎಂಬ ಚೀಟಿಯೊಂದಿಗೆ, ಪೆಟ್ಟಿಗೆಯೊಳಗೇ ಅಂಟಿಸಿಡಿ. ಮುಂದೆ ಅದನ್ನು ಬಿಚ್ಚುವವರಿಗೆ ಅದು ಬೇಕಾಗುತ್ತದೆ.