ಬೇಸಿಗೆಯ ಲ್ಯಾಬಿಗೆ ದೀಪಾವಳಿಯಲ್ಲೇ ಅರ್ಜಿ

ಸರಳ ಲೋಲಕದ ಪ್ರಯೋಗ ಮಾಡದ ವಿಜ್ಞಾನ ವಿದ್ಯಾರ್ಥಿ ಯಾರಿದ್ದಾರೆ? ದಾರಕ್ಕೆ ಗುಂಡು ಕಟ್ಟಿ, ಇಪ್ಪತ್ತು ಆಂದೋಲನಗಳಿಗೆ ಹಿಡಿದ ಕಾಲವನ್ನು ಅಳೆದು, ಕೋಷ್ಟಕ ತುಂಬಿ, ಗುರುತ್ವ ವೇಗೋತ್ಕರ್ಷದ ಬೆಲೆ ಕಂಡುಹಿಡಿಯಬೇಕು. ಉತ್ತರ 980ರ ಆಸುಪಾಸು ಬರಬೇಕೆಂಬುದು ಎಲ್ಲರಿಗೂ ಮೊದಲೇ ಗೊತ್ತು. 910 ಬಂತೋ, ಪಕ್ಕದವನ ರೆಕಾರ್ಡ್ ಪುಸ್ತಕ ಇಣುಕಿ ನೋಡುವುದು, ಇಲ್ಲವೇ ಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವುದು! ನಮ್ಮ ಕಾಲೇಜುಗಳಲ್ಲಿ ಈ ಕಲೆಯನ್ನು ಯಾರೂ ಕಲಿಸುವುದಿಲ್ಲ, ಆದರೂ ಎಲ್ಲರೂ ಕಲಿಯುತ್ತಾರೆ.

910 ಏಕೆ ಬಂತು ಎಂದು ಕೇಳುವವರು ಕಡಿಮೆ. ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯಲಿಲ್ಲವೇ? ಎಣಿಕೆ ತಪ್ಪಿತೇ? ಗುಂಡನ್ನು ತೀರಾ ಅಗಲಕ್ಕೆ ಎಳೆದು ಬಿಟ್ಟೆವೇ? ಸಂಶೋಧನೆ ಎಂಬುದು ಶುರುವಾಗುವುದೇ ಇಂಥ ಪ್ರಶ್ನೆಯಿಂದ. ಪರೀಕ್ಷೆಯ ಅವಸರದಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಮೂರು ವರ್ಷ ಪ್ರಾಕ್ಟಿಕಲ್ ಮಾಡಿ ಒಳ್ಳೆಯ ಅಂಕಗಳೊಂದಿಗೆ ಬಿ.ಎಸ್‌ಸಿ. ಮುಗಿಸಿದವರಲ್ಲೂ, ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಯೋಗವನ್ನು ಒಂದು ದಿನವೂ ಮಾಡದವರೇ ಹೆಚ್ಚು.

ಈ ಕೊರತೆ ನೀಗಲು ಇರುವ ಒಂದು ದಾರಿ ಬೇಸಿಗೆ ಸಂಶೋಧನಾ ಶಿಷ್ಯವೃತ್ತಿ. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ 1995ರಲ್ಲಿ ಇದನ್ನು ಆರಂಭಿಸಿತು. 2007ರಿಂದ ದೆಹಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಮತ್ತು ಅಲಹಾಬಾದಿನ (ಈಗಿನ ಪ್ರಯಾಗ್‌ರಾಜ್) ಅಕಾಡೆಮಿಗಳೂ ಕೈಜೋಡಿಸಿವೆ. ಆಯ್ಕೆಯಾದ ವಿದ್ಯಾರ್ಥಿ ಎರಡು ತಿಂಗಳ ಕಾಲ ದೇಶದ ಯಾವುದಾದರೂ ಸಂಶೋಧನಾ ಸಂಸ್ಥೆಯಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡುತ್ತಾನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವವಿಜ್ಞಾನ, ಗಣಿತ, ಭೂವಿಜ್ಞಾನ, ಎಂಜಿನಿಯರಿಂಗ್ ಎಲ್ಲಕ್ಕೂ ಅವಕಾಶವಿದೆ. ಶಿಷ್ಯವೇತನ ಉಂಟು, ಹೋಗಿಬರುವ ರೈಲು ಖರ್ಚೂ ಸಿಗುತ್ತದೆ.

ಈ ಅಕಾಡೆಮಿಯನ್ನು 1934ರಲ್ಲಿ ಕಟ್ಟಿದವರು ಸರ್ ಸಿ.ವಿ. ರಾಮನ್. ಅವರ ವಿದ್ಯಾರ್ಥಿ ದೆಸೆಯನ್ನು ಇಲ್ಲಿ ನೆನೆಯಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ, ಸ್ಪೆಕ್ಟ್ರೋಮೀಟರಿನಲ್ಲಿ ಪ್ರಿಸಂ ಇಟ್ಟು ಮಾಡುವ ಮಾಮೂಲಿ ಪ್ರಯೋಗದಲ್ಲಿ ಅವರಿಗೆ ಬೆಳಕಿನ ಪಟ್ಟಿಗಳು ಎರಡೂ ಕಡೆ ಒಂದೇ ಸಮನಾಗಿಲ್ಲದ್ದು ಕಂಡಿತು. ಬೇರೆಯವರಾಗಿದ್ದರೆ ಉಪಕರಣ ಸರಿಯಿಲ್ಲವೆಂದು ಅಟೆಂಡರನನ್ನು ಕರೆಯುತ್ತಿದ್ದರೇನೋ! ರಾಮನ್ ಅದರ ಬೆನ್ನು ಹತ್ತಿದರು. 1906ರಲ್ಲಿ ಲಂಡನ್ನಿನ 'ಫಿಲಸಾಫಿಕಲ್ ಮ್ಯಾಗಜೀನ್' ಅವರ ಲೇಖನವನ್ನು ಪ್ರಕಟಿಸಿದಾಗ ಅವರಿಗೆ ಹದಿನೆಂಟು ವರ್ಷ. ನಮ್ಮ ಇಂದಿನ ಬಿ.ಎಸ್‌ಸಿ. ಹುಡುಗರ ವಯಸ್ಸೇ.

ಇನ್ನು ಆ ಎರಡು ತಿಂಗಳಲ್ಲಿ ನಡೆಯುವುದೇನು? ಮೊದಲ ಎರಡು ವಾರ ಹೆಚ್ಚಿನವರಿಗೆ ನಿರಾಸೆ. ಗಾಜಿನ ಪಾತ್ರೆ ತೊಳೆಯುವುದು, ದ್ರಾವಣ ತಯಾರಿಸುವುದು, ಅರ್ಥವಾಗದ ಇಂಗ್ಲಿಷ್ ಲೇಖನಗಳನ್ನು ಮೂರು ಮೂರು ಸಲ ಓದುವುದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಗುಂಪಿನ ಸಭೆಯಲ್ಲಿ ಬಾಯಿ ಬಿಡಲು ಅಳುಕು. ವಿಜ್ಞಾನಿ ದಿನವೂ ಸಿಗುವುದಿಲ್ಲ, ಪಿಎಚ್.ಡಿ. ಮಾಡುತ್ತಿರುವ ಅಕ್ಕನೋ ಅಣ್ಣನೋ ಕೈಹಿಡಿದು ಕಲಿಸಬೇಕು. ಮೂರನೆಯ ವಾರ ಪ್ರಯೋಗ ಕೆಡುತ್ತದೆ. ಬೆಳೆಸಿದ ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಬೂಷ್ಟು ಬಂದಿರುತ್ತದೆ, ಇಲ್ಲವೇ ಕಂಪ್ಯೂಟರಿನಲ್ಲಿ ಓಡಿಸಿದ ಲೆಕ್ಕ ಅರ್ಥವಿಲ್ಲದ ಅಂಕಿಗಳನ್ನು ಉಗುಳುತ್ತದೆ. ಇಲ್ಲಿ ಪಕ್ಕದವನ ರೆಕಾರ್ಡ್ ನೋಡಿ ಪ್ರಯೋಜನವಿಲ್ಲ, ಅವನಿಗೂ ಉತ್ತರ ಗೊತ್ತಿಲ್ಲ! ಏನು ತಪ್ಪಾಯಿತೆಂದು ಕೂತು ಹುಡುಕಲೇಬೇಕು. ಎರಡು ತಿಂಗಳ ಕೊನೆಗೆ ಕೈಯಲ್ಲಿ ಒಂದೋ ಎರಡೋ ನಂಬಬಹುದಾದ ಗ್ರಾಫ್ ಉಳಿದರೆ ಅದೇ ದೊಡ್ಡದು. ಅದನ್ನೇ ವರದಿಯಾಗಿ ಬರೆದು ಒಪ್ಪಿಸಬೇಕು. ಕೆಟ್ಟ ಪ್ರಯೋಗವನ್ನು ಕೆಟ್ಟಿತೆಂದೇ ಬರೆಯಲು ಕಲಿಯುವುದು ಈ ವರದಿಯಲ್ಲಿ.

'ಇದು ನನಗೆ ಹಿಡಿಸುವ ಕೆಲಸವಲ್ಲ' ಎಂದು ಎರಡು ತಿಂಗಳಲ್ಲಿ ಅರಿತು ಹಿಂದಿರುಗುವವರೂ ಉಂಟು. ಅದು ನಷ್ಟವೇನಲ್ಲ. ಪಿಎಚ್.ಡಿ.ಗೆ ಸೇರಿ ಮೂರನೆಯ ವರ್ಷದಲ್ಲಿ ಅರಿಯುವುದಕ್ಕಿಂತ ಎಷ್ಟೋ ಮೇಲು.

ತಂದೆತಾಯಿಯರ ಆತಂಕಗಳು ಬೇರೆ. ಬೇಸಿಗೆಯಲ್ಲಿ ಎಂ.ಎಸ್‌ಸಿ. ಪ್ರವೇಶ ಪರೀಕ್ಷೆಗೆ ಓದುವುದು ಬಿಟ್ಟು ಇದೆಂಥದು? ಮಗಳನ್ನು ಒಬ್ಬಳನ್ನೇ ಹೈದರಾಬಾದಿಗೋ ಪುಣೆಗೋ ಕಳಿಸುವುದು ಹೇಗೆ? ಎರಡನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಎಲ್ಲ ಸಂಸ್ಥೆಗಳೂ ಹಾಸ್ಟೆಲ್ ಕೊಟ್ಟೇ ಕೊಡುತ್ತವೆಂಬ ಭರವಸೆಯಿಲ್ಲ. ಆಯ್ಕೆಪತ್ರ ಕೈಗೆ ಬಂದ ಕೂಡಲೇ ವಸತಿಯ ಬಗ್ಗೆ ಬರೆದು ಕೇಳಬೇಕು, ಉತ್ತರ ಬರುವವರೆಗೆ ಬಿಡಬಾರದು. ಕರ್ನಾಟಕದ ಮಟ್ಟಿಗೆ ಒಂದು ಅನುಕೂಲವುಂಟು. ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಖಭೌತ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಎಲ್ಲವೂ ಬೆಂಗಳೂರಿನಲ್ಲೇ ಇವೆ. ಚಿಕ್ಕಪ್ಪನ ಮನೆಯೋ ಸೋದರತ್ತೆಯ ಮನೆಯೋ ಅಲ್ಲಿರುವ ಎಷ್ಟೋ ಮಕ್ಕಳಿಗೆ ಈ ಲ್ಯಾಬುಗಳು ಒಂದು ಬಸ್ಸಿನಷ್ಟೇ ದೂರ. ಆದರೆ ಹೆಸರೇ ಕೇಳಿರುವುದಿಲ್ಲ. ಜಕ್ಕೂರಿನ ಕೇಂದ್ರ ತನ್ನದೇ ಬೇಸಿಗೆ ಶಿಷ್ಯವೃತ್ತಿ ನಡೆಸುತ್ತದೆ. ಅಲ್ಲದೆ ರಸಾಯನ ಮತ್ತು ಜೀವವಿಜ್ಞಾನಗಳಲ್ಲಿ ಬಿ.ಎಸ್‌ಸಿ. ಮೊದಲ ವರ್ಷದವರನ್ನೇ ಆರಿಸಿ, ಸತತ ಮೂರು ಬೇಸಿಗೆ ಕರೆಸಿಕೊಂಡು ತರಬೇತಿ ಕೊಡುವ ಯೋಜನೆಯನ್ನೂ ರೂಪಿಸಿದೆ.

ನಮ್ಮ ಮಕ್ಕಳು ಎಡವುವುದು ಬುದ್ಧಿಯಲ್ಲಲ್ಲ, ಪಂಚಾಂಗದಲ್ಲಿ. ಬೇಸಿಗೆಯ ಮಾತು ತಾನೇ ಎಂದು ಏಪ್ರಿಲ್‌ನಲ್ಲಿ ವಿಚಾರಿಸುತ್ತಾರೆ. ಅಕಾಡೆಮಿಗಳ ಅರ್ಜಿಗೆ ಕೊನೆಯ ದಿನ ಸಾಮಾನ್ಯವಾಗಿ ಹಿಂದಿನ ನವೆಂಬರ್ ಕೊನೆಗೇ ಮುಗಿದಿರುತ್ತದೆ! ದಸರೆ ರಜೆಯಲ್ಲಿ ಪ್ರಕಟಣೆ ಹುಡುಕಿ, ದೀಪಾವಳಿಯ ಹೊತ್ತಿಗೆ ಅರ್ಜಿ ಕಳಿಸಿದವರೇ ಜಾಣರು. ಯಾವ ವರ್ಷದ ವಿದ್ಯಾರ್ಥಿಗಳಿಗೆ ಅವಕಾಶ, ಶಿಷ್ಯವೇತನ ಎಷ್ಟು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಬೇಕು, ಸ್ನೇಹಿತರ ಬಾಯಿಮಾತು ನಂಬಬಾರದು.

ಅರ್ಜಿಯಲ್ಲಿ ಅಂಕಪಟ್ಟಿಯ ಜೊತೆಗೆ, ತಾನೇನು ಕಲಿಯಬಯಸುತ್ತೇನೆಂದು ವಿದ್ಯಾರ್ಥಿ ಅರ್ಧ ಪುಟದಷ್ಟು ಬರೆಯಬೇಕಾಗುತ್ತದೆ. ಅನೇಕರು ಇಲ್ಲೇ ಸೋಲುತ್ತಾರೆ. 'ಬಾಲ್ಯದಿಂದಲೂ ನನಗೆ ವಿಜ್ಞಾನವೆಂದರೆ ಅಚ್ಚುಮೆಚ್ಚು' ಎಂದು ಸಾವಿರಾರು ಜನ ಬರೆಯುತ್ತಾರೆ. ಅದರ ಬದಲು 'ನಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಅಳೆಯುವ ವಿಧಾನ ಕಲಿಯಬೇಕು' ಎಂದು ಬರೆದವರ ಅರ್ಜಿಯನ್ನು ಓದುವವರು ಕೆಳಗಿಡುವುದಿಲ್ಲ. ಇಂಗ್ಲಿಷ್ ಸಾಧಾರಣವಾಗಿದ್ದರೂ ಪರವಾಗಿಲ್ಲ, ಬೇರೆಯವರಿಂದ ಬರೆಸಬಾರದು. ಅಧ್ಯಾಪಕರ ಶಿಫಾರಸು ಪತ್ರವೂ ಬೇಕು. ಕೊನೆಯ ದಿನ ಸಂಜೆ ಸ್ಟಾಫ್ ರೂಮಿಗೆ ಓಡಿಬಂದರೆ ಅವರಾದರೂ ಏನು ಬರೆದಾರು? ಎರಡು ವಾರ ಮೊದಲೇ ಹೇಳಿಡಬೇಕು.

ಆಯ್ಕೆಯಾಗದಿದ್ದರೆ ನೇರವಾಗಿ ವಿಜ್ಞಾನಿಗಳಿಗೇ ಬರೆದು ಕೇಳಬಹುದು. ಐವತ್ತು ಜನಕ್ಕೆ ಒಂದೇ ಪತ್ರ ಕಳಿಸುವುದು ವ್ಯರ್ಥ. ಮೂವರನ್ನು ಆರಿಸಿ, ಅವರ ಕೆಲಸವನ್ನು ಕೈಲಾದಷ್ಟು ಓದಿ, ಅದರಲ್ಲೇ ಒಂದು ಪ್ರಶ್ನೆ ಕೇಳಿ ಬರೆದರೆ ಉತ್ತರ ಬರುವ ಸಂಭವ ಹೆಚ್ಚು. ಈಚೆಗೆ ಸಾವಿರಾರು ರೂಪಾಯಿ ಕಟ್ಟಿಸಿಕೊಂಡು 'ಸಂಶೋಧನಾ ತರಬೇತಿ'ಯ ಪ್ರಮಾಣಪತ್ರ ಕೊಡುವ ಅಂಗಡಿಗಳೂ ಹುಟ್ಟಿಕೊಂಡಿವೆ. ಅವುಗಳಿಂದ ದೂರವಿರುವುದು ಲೇಸು.

ಸೆಮಿಸ್ಟರ್ ಪದ್ಧತಿಯಿಂದ ಒಂದು ತೊಡಕಿದೆ. ಪರೀಕ್ಷೆಗಳು ಜೂನ್, ಜುಲೈಗೆ ಜಾರಿದರೆ ಎರಡು ತಿಂಗಳ ರಜೆಯೇ ಇರುವುದಿಲ್ಲ, ಸಿಕ್ಕ ಅವಕಾಶವನ್ನೂ ಬಿಡಬೇಕಾಗುತ್ತದೆ. ವೇಳಾಪಟ್ಟಿ ತಿಳಿದ ಕೂಡಲೇ ಮಾರ್ಗದರ್ಶಕರಿಗೆ ಬರೆದು, ದಿನಗಳನ್ನು ಹಿಂದುಮುಂದು ಮಾಡಲು ಸಾಧ್ಯವೇ ಎಂದು ಕೇಳಬೇಕು. ವಿಶ್ವವಿದ್ಯಾಲಯಗಳು ವೇಳಾಪಟ್ಟಿ ರೂಪಿಸುವಾಗ ಇದನ್ನು ನೆನಪಿಟ್ಟರೆ ಎಷ್ಟೋ ಮಕ್ಕಳಿಗೆ ಉಪಕಾರವಾದೀತು.

ಅಂದಹಾಗೆ, ಅಕಾಡೆಮಿಗಳ ಶಿಷ್ಯವೃತ್ತಿ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಅಧ್ಯಾಪಕರಿಗೂ ಇದೆ. ಮೇಷ್ಟ್ರೂ ಅರ್ಜಿ ಹಾಕಬಹುದು.