ನೀರಿನಲ್ಲಿ ಕರಗಿದ ಸ್ಫೋಟಕ

ಬಳ್ಳಾರಿಯಿಂದ ಹೊಸಪೇಟೆಯ ದಾರಿ ಹಿಡಿದವರೆಲ್ಲ ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡಿರುತ್ತಾರೆ. ಉಷ್ಣ ಸ್ಥಾವರಗಳ ಬಾಯ್ಲರು ಒಳಗಿಂದ ತುಕ್ಕು ಹಿಡಿಯಬಾರದೆಂದು ನೀರಿನಲ್ಲಿರುವ ಆಮ್ಲಜನಕವನ್ನು ತೆಗೆಯಲು ಹೈಡ್ರಜೀನ್ ಎಂಬ ದ್ರವವನ್ನು ತೀರಾ ಸ್ವಲ್ಪ ಸೇರಿಸುವುದು ಜಗತ್ತಿನಾದ್ಯಂತ ಇರುವ ಹಳೆಯ ಪದ್ಧತಿ. ಬಾಯ್ಲರಿಗೆ ಇಷ್ಟು ತೆಳುವಾಗಿ ಹೋಗುವ ಹೈಡ್ರಜೀನ್, ಉಪಗ್ರಹದ ಇಂಧನ ಟ್ಯಾಂಕಿಗೆ ಅಪ್ಪಟವಾಗಿಯೇ ಹೋಗುತ್ತದೆ.

ಜರ್ಮನಿಯ ಥಿಯೋಡೋರ್ ಕುರ್ಟಿಯಸ್ 1887ರಲ್ಲಿ ಇದನ್ನು ಮೊದಲು ತಯಾರಿಸಿದಾಗ ಅವರ ತಲೆಯಲ್ಲಿ ಬಾಹ್ಯಾಕಾಶ ಇರಲಿಲ್ಲ. 1960ರ ದಶಕದಲ್ಲಿ ಇರಿಡಿಯಂ ಲೇಪಿಸಿದ ಕ್ರಿಯಾವರ್ಧಕದ ಕಾಳುಗಳು ಬಂದ ಮೇಲೆ ಅದರ ಅದೃಷ್ಟ ಬದಲಾಯಿತು. ಆ ಕಾಳುಗಳ ಮೇಲೆ ಬಿದ್ದ ಕೂಡಲೇ ಹೈಡ್ರಜೀನ್ ತಾನಾಗಿ ಒಡೆದು ಬಿಸಿ ಅನಿಲವಾಗುತ್ತದೆ. ಕಿಡಿ ಬೇಡ, ಎರಡನೆಯ ಟ್ಯಾಂಕ್ ಬೇಡ. ವರ್ಷಗಟ್ಟಲೆ ಸುಮ್ಮನಿದ್ದು, ಕವಾಟ ತೆರೆದಾಗ ಕೆಲಸ ಮಾಡುವ ಇಂಥ ಇಂಧನವನ್ನು ಎಂಜಿನಿಯರುಗಳು ಸುಲಭವಾಗಿ ಬಿಟ್ಟಾರೆಯೇ?

ಬಿಡಲು ಕಾರಣವಂತೂ ಇತ್ತು. ಹೈಡ್ರಜೀನ್ ಚರ್ಮದ ಮೂಲಕವೂ ಒಳಗಿಳಿಯುತ್ತದೆ, ಯಕೃತ್ತನ್ನು ಕೆಡಿಸುತ್ತದೆ, ಕ್ಯಾನ್ಸರ್ ತರಬಹುದೆಂಬ ಶಂಕೆ ಇದೆ. ಅದನ್ನು ತುಂಬುವವರು ಮೈಪೂರ್ತಿ ಮುಚ್ಚುವ, ಉಸಿರಿಗೆ ಪ್ರತ್ಯೇಕ ಗಾಳಿಯಿರುವ ಉಡುಪು ತೊಡಬೇಕು. ಆ ಹೊತ್ತಿನಲ್ಲಿ ಮಿಕ್ಕವರು ಅತ್ತ ಸುಳಿಯುವಂತಿಲ್ಲ. 2008ರ ಫೆಬ್ರವರಿಯಲ್ಲಿ ಅಮೆರಿಕ ಕೆಟ್ಟುಹೋದ ತನ್ನದೇ ಬೇಹುಗಾರಿಕೆ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆದಾಗ ಕೊಟ್ಟ ಕಾರಣ, ಅದರ ಟ್ಯಾಂಕಿನಲ್ಲಿ ಉಳಿದಿದ್ದ ಸುಮಾರು 450 ಕಿಲೊ ಹೈಡ್ರಜೀನ್. 2011ರಲ್ಲಿ ಐರೋಪ್ಯ ಒಕ್ಕೂಟ ಇದನ್ನು ತೀವ್ರ ಕಳವಳದ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು.

ಬದಲಿ ಸಿಕ್ಕಿದ್ದು ಯಾರೂ ಹುಡುಕದ ಕಡೆ, ಆಯುಧ ತಯಾರಕರ ಕಪಾಟಿನಲ್ಲಿ. 1971ರಲ್ಲಿ ಮಾಸ್ಕೋದ ಜೆಲಿನ್ಸ್ಕಿ ಸಾವಯವ ರಸಾಯನಶಾಸ್ತ್ರ ಸಂಸ್ಥೆಯಲ್ಲಿ ಅಮೋನಿಯಂ ಡೈನೈಟ್ರಮೈಡ್, ಚುಟುಕಾಗಿ ಎಡಿಎನ್, ಎಂಬ ಬಿಳಿಯ ಲವಣ ತಯಾರಾಯಿತು. ಸಂಡೂರಿನ ಗಣಿಯವರಿಗೆ ಗೊತ್ತಿರುವ ಅಮೋನಿಯಂ ನೈಟ್ರೇಟಿಗೆ ಇದು ದಾಯಾದಿ, ಆದರೆ ಬಲ ಹೆಚ್ಚು. ಸೋವಿಯತ್ ಒಕ್ಕೂಟ ಅದನ್ನು ಕ್ಷಿಪಣಿಯ ಘನ ಇಂಧನಕ್ಕೆಂದು ಗುಟ್ಟಾಗಿ ಬೆಳೆಸಿತು. ಇದರ ಸುಳಿವೇ ಇಲ್ಲದೆ 1980ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಎಸ್ಆರ್‌ಐ ಸಂಸ್ಥೆಯ ಜೆಫ್ರಿ ಬೊಟ್ಟಾರೊ ಮತ್ತು ಸಂಗಡಿಗರು ಅದೇ ಲವಣವನ್ನು ಮತ್ತೊಮ್ಮೆ ಕಂಡುಹಿಡಿದರು. ವಿಜ್ಞಾನದಲ್ಲಿ ಗುಟ್ಟಿಗೆ ತೆರುವ ದಂಡವೇ ಇದು: ಮಾಡಿದ ಕೆಲಸವನ್ನೇ ಇನ್ನೊಬ್ಬರು ಮೊದಲಿನಿಂದ ಮಾಡಬೇಕು.

1990ರ ದಶಕದಲ್ಲಿ ಸ್ವೀಡನ್ನಿನ ರಕ್ಷಣಾ ಸಂಶೋಧಕರು ಎಡಿಎನ್ ತಯಾರಿಸಲು ಸರಳ ದಾರಿ ಕಂಡುಕೊಂಡರು. ಸಲ್ಫಾಮಿಕ್ ಆಮ್ಲದ ಲವಣವನ್ನು ತೀರಾ ತಣ್ಣಗಿಟ್ಟು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಪರಿವರ್ತಿಸುವ ಕ್ರಮ ಅದು. ಆದರೆ ಲವಣಕ್ಕೆ ಒಂದು ಚಾಳಿಯಿತ್ತು. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಯೂರಿಯಾ ಚೀಲ ಏನಾಗುತ್ತದೆಂದು ಸಿರುಗುಪ್ಪದ ಭತ್ತದ ರೈತರಿಗೆ ಹೇಳಬೇಕಿಲ್ಲ. ಎಡಿಎನ್ ಅದಕ್ಕಿಂತಲೂ ಆತುರದಿಂದ ಗಾಳಿಯ ತೇವವನ್ನು ಹೀರುತ್ತದೆ. ಘನ ಇಂಧನದವರಿಗೆ ಇದು ತಲೆನೋವು. ಸ್ವೀಡನ್ನಿನವರು ಇದನ್ನೇ ತಿರುಗಿಸಿ ನೋಡಿದರು. ನೀರಿಗೆ ಇಷ್ಟು ಹಾತೊರೆಯುವುದಾದರೆ ನೀರಿನಲ್ಲೇ ಕರಗಿಸಿದರೆ ಹೇಗೆ? ನೂರು ಗ್ರಾಂ ನೀರಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಎಡಿಎನ್ ಕರಗುತ್ತದೆ. ಸುಡಲು ಮೆಥನಾಲ್, ದ್ರಾವಣ ಕೆಡದಿರಲು ಅಮೋನಿಯಾ ಸೇರಿಸಿದರು. ನೀರು ಬೆರೆತದ್ದರಿಂದ ಸ್ಫೋಟಕದ ಮುಂಗೋಪ ಇಳಿಯಿತು. ಎಲ್‌ಎಂಪಿ-103ಎಸ್ ಎಂಬ ಇಂಧನ ಹುಟ್ಟಿದ್ದು ಹೀಗೆ. ನನ್ನ ಲೆಕ್ಕದಲ್ಲಿ ನಿಜವಾದ ಆವಿಷ್ಕಾರ ಲವಣವಲ್ಲ, ಅದನ್ನು ಕರಗಿಸುವ ಈ ಯೋಚನೆ.

ತಣ್ಣಗಾದ ಇಂಧನವನ್ನು ಹೊತ್ತಿಸುವುದೇ ಕಷ್ಟವಾಯಿತು. ಕ್ರಿಯಾವರ್ಧಕವನ್ನು ಮೊದಲೇ ಸುಮಾರು 350 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಬೇಕು. ಹೊತ್ತಿಕೊಂಡ ಮೇಲೆ ಉಷ್ಣತೆ 1600 ಡಿಗ್ರಿಯ ಆಸುಪಾಸು ಮುಟ್ಟುತ್ತದೆ, ಹೈಡ್ರಜೀನಿಗಿಂತ ಬಹಳ ಹೆಚ್ಚು. ಅದನ್ನು ತಾಳುವ ಲೋಹ, ಕ್ರಿಯಾವರ್ಧಕ ಎರಡನ್ನೂ ಹೊಸದಾಗಿ ರೂಪಿಸಬೇಕಾಯಿತು. ಫಲ ದೊರೆತದ್ದು 2010ರ ಜೂನ್ 15ರಂದು ಹಾರಿದ ಸ್ವೀಡನ್ನಿನ ಪ್ರಿಸ್ಮಾ ಉಪಗ್ರಹ ಯೋಜನೆಯಲ್ಲಿ. ಅದರ ಮುಖ್ಯ ಉಪಗ್ರಹದಲ್ಲಿ ಹೈಡ್ರಜೀನ್, ಹೊಸ ಇಂಧನ ಎರಡೂ ಇದ್ದವು. ಒಂದನ್ನು ತುಂಬಲು ರಕ್ಷಾ ಉಡುಪು ಬೇಕಾಯಿತು, ಇನ್ನೊಂದಕ್ಕೆ ಬೇಕಾಗಲಿಲ್ಲ. ಅಷ್ಟೇ ಗಾತ್ರದ ಟ್ಯಾಂಕಿನಿಂದ ಸುಮಾರು 30% ಹೆಚ್ಚು ಕೆಲಸ ಸಿಗುತ್ತದೆಂಬುದು ಮೇಲಿನ ಲಾಭ. ಹಾಗೆಂದು ಇದು ಎಳನೀರಲ್ಲ; ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ.

ಈ ಇಂಧನ ನಮ್ಮ ನೆಲದಿಂದಲೂ ಹಾರಿದೆ. 2016ರ ಜೂನ್ 22ರಂದು ಶ್ರೀಹರಿಕೋಟಾದಿಂದ ಹೊರಟ ಪಿಎಸ್‌ಎಲ್‌ವಿ-ಸಿ34 ರಾಕೆಟ್ ಹೊತ್ತ 20 ಉಪಗ್ರಹಗಳಲ್ಲಿ ಅಮೆರಿಕದ ಸ್ಕೈಸ್ಯಾಟ್ ಒಂದು. ಅದರ ಥ್ರಸ್ಟರುಗಳು, ಎಂದರೆ ಉಪಗ್ರಹವನ್ನು ಕಕ್ಷೆಯಲ್ಲಿ ತಳ್ಳುವ ಪುಟ್ಟ ಎಂಜಿನ್ನುಗಳು, ಸ್ವೀಡನ್ನಿನವು.

ನಮ್ಮವರ ಸರದಿ ಬಂದದ್ದು 2024ರ ಜನವರಿ 1ರಂದು. ಪಿಎಸ್‌ಎಲ್‌ವಿ-ಸಿ58 ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು ಕಕ್ಷೆಗೆ ಬಿಟ್ಟ ಮೇಲೆ, ಅದರ ನಾಲ್ಕನೆಯ ಹಂತವೇ ಪೋಯಮ್-3 ಎಂಬ ಪ್ರಯೋಗ ವೇದಿಕೆಯಾಯಿತು. ಅದರ ಮೇಲಿತ್ತು ಬೆಂಗಳೂರಿನ ಬೆಲಾಟ್ರಿಕ್ಸ್ ಏರೋಸ್ಪೇಸ್ ಕಂಪನಿಯ, ಹೈಡ್ರಜೀನ್ ಬೇಡದ ‘ರುದ್ರ’ ಥ್ರಸ್ಟರ್. ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿಯ ನೆರವು ಪಡೆದಿದ್ದ ಈ ಯೋಜನೆಯಲ್ಲಿ ಇಂಧನ, ಕವಾಟ, ಕ್ರಿಯಾವರ್ಧಕ ಎಲ್ಲವೂ ದೇಶದಲ್ಲೇ ತಯಾರಾದವು. ಕಕ್ಷೆಯಿಂದ ಬಂದ ಮಾಹಿತಿಯನ್ನು ಬೆಂಗಳೂರಿನಲ್ಲಿರುವ ಇಸ್ರೊದ ಉಪಗ್ರಹ ನಿಗಾ ಕೇಂದ್ರ ಇಸ್ಟ್ರಾಕ್‌ನಲ್ಲಿ ತಾಳೆ ನೋಡಿದಾಗ ನಿರೀಕ್ಷೆಗಿಂತ ಚೆನ್ನಾಗಿಯೇ ಇತ್ತು. ಅದೇ ವರ್ಷ ಡಿಸೆಂಬರ್ 30ರಂದು ಪೋಯಮ್-4ರಲ್ಲಿ ‘ರುದ್ರ’ದ ಮುಂದಿನ ರೂಪವೂ ಹೋಯಿತು.

ಇಷ್ಟಾದರೂ, ಈ ಥ್ರಸ್ಟರನ್ನು ಮೇಲಕ್ಕೆ ಹೊತ್ತ ರಾಕೆಟ್ಟಿನ ಎರಡನೆಯ ಹಂತದಲ್ಲಿ ಉರಿದದ್ದು ಹೈಡ್ರಜೀನ್ ಮನೆತನದ್ದೇ ಇಂಧನ ಮತ್ತು ಅದನ್ನು ಉರಿಸುವ ಉತ್ಕರ್ಷಕ, ಒಟ್ಟು ಸುಮಾರು 40 ಟನ್ ವಿಷ. ಸಣ್ಣ ಥ್ರಸ್ಟರುಗಳ ಸಮಸ್ಯೆ ಬಹುಪಾಲು ಬಗೆಹರಿದಿದೆ, ದೊಡ್ಡ ಎಂಜಿನ್ನುಗಳದ್ದು ಬಗೆಹರಿದಿಲ್ಲ. ಅಲ್ಲಿಗೆ ಎಡಿಎನ್ ದ್ರಾವಣ ಸಾಲದು. ಎಲ್‌ವಿಎಂ-3 ರಾಕೆಟ್ಟಿನ ಅಂಥ ಹಂತವನ್ನು ಬದಲಿಸಲು ಇಸ್ರೊ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕದ ಎಂಜಿನ್ ಕಟ್ಟಲು ಹೊರಟಿದೆ.