‘ಇಲ್ಲ’ವೂ ‘ಅಲ್ಲ’ವೂ: ಜರ್ಮನ್ ಕಲಿಕೆಗೊಂದು ಮನೆಯ ದಾರಿ

ಹೊಸೂರು, ತಳಿ, ದೇಂಕಣಿಕೋಟೆ ಕಡೆಯ ಕನ್ನಡ ಮನೆಗಳಲ್ಲಿ ಮಗುವೊಂದು ‘ಇದು ನನ್ನ ಪುಸ್ತಕ ಇಲ್ಲ’ ಎಂದರೆ, ಹಿರಿಯರು ‘ಪುಸ್ತಕ ಅಲ್ಲ ಅನ್ನು’ ಎಂದು ತಿದ್ದುವುದುಂಟು. ತಪ್ಪು ಮಗುವಿನದೆನ್ನಲಾಗದು. ಆಡುಮಾತಿನ ತಮಿಳಿನಲ್ಲಿ ಎರಡೂ ಅರ್ಥಕ್ಕೆ ‘ಇಲ್ಲೈ’ ಒಂದೇ ಸಾಕು. ಗ್ರಂಥಸ್ಥ ತಮಿಳಿನಲ್ಲಿ ಮಾತ್ರ ‘ಅಲ್ಲ’ದ ಬಳಗವು ಉಳಿದಿದೆ. ನೆರೆಮನೆಯ ತೆಲುಗಿನಲ್ಲಿಯಾದರೋ ‘ಲೇದು’ ಬೇರೆ, ‘ಕಾದು’ ಬೇರೆ. 2006ರ ತಮಿಳು ಕಲಿಕಾ ಕಾಯಿದೆಯ ತರುವಾಯ ಕನ್ನಡ ಮಾಧ್ಯಮದ ಮಕ್ಕಳೂ ತಮಿಳನ್ನು ಕಡ್ಡಾಯವಾಗಿ ಓದುತ್ತಿರುವುದರಿಂದ, ಈ ಸೂಕ್ಷ್ಮವನ್ನು ಕಾಯುವ ಹೊಣೆ ಮನೆಯವರ ಮೇಲೆ ಹೆಚ್ಚಾಗಿ ಬಿದ್ದಿದೆ.

ಈ ಭೇದವನ್ನು ಬಲ್ಲ ಮಗುವಿಗೆ ಮುಂದೆ ಜರ್ಮನ್ ಕಲಿಯುವ ಸಂದರ್ಭ ಬಂದರೆ, ನಿಷೇಧಕ್ಕೆ ಒಂದಕ್ಕಿಂತ ಹೆಚ್ಚು ಪದಗಳಿರುವುದು ಹೊಸತೆನಿಸದು. ಅಲ್ಲಿಯೂ ಮುಖ್ಯವಾಗಿ ಎರಡು: ‘ನಿಶ್ಟ್’ ಮತ್ತು ‘ಕೈನ್’. (ಮೊದಲನೆಯದರ ನಡುವಣ ಧ್ವನಿ ನಮ್ಮ ಶಕಾರ ಹಕಾರಗಳ ನಡುವಿನದು; ಬರೆದು ತೋರಿಸುವುದು ಕಷ್ಟ, ಕೇಳಿಯೇ ಕಲಿಯಬೇಕು.) ಆದರೆ ‘ಕೈನ್’ ಎಂದರೆ ಇಲ್ಲ, ‘ನಿಶ್ಟ್’ ಎಂದರೆ ಅಲ್ಲ ಎಂದು ಕಂಠಪಾಠ ಮಾಡಿದವರು ಎಡವುತ್ತಾರೆ. ‘ಇಶ್ ಹಾಬೆ ಕೈನ್ ಬೂಖ್’ ಎಂದರೆ ನನ್ನಲ್ಲಿ ಪುಸ್ತಕವಿಲ್ಲ. ‘ಡಾಸ್ ಇಸ್ಟ್ ಕೈನ್ ಹುಂಟ್’ ಎಂದರೆ ಇದು ನಾಯಿಯಲ್ಲ. ಎರಡರಲ್ಲಿಯೂ ‘ಕೈನ್’! ಗೊತ್ತುಪಡಿಸದ ಯಾವುದೋ ಒಂದು ವಸ್ತುವಿನ ನಾಮಪದವನ್ನು ಅಲ್ಲಗಳೆಯುವಾಗ ‘ಕೈನ್’ ಬರುತ್ತದೆ. ಆ ನಾಮಪದದ ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕಂತೆ ಕೈನೆ, ಕೈನೆನ್ ಎಂದು ರೂಪ ಬದಲಿಸುತ್ತದೆ. ‘ನನ್ನ ಪುಸ್ತಕ’ ಎಂದು ಗೊತ್ತುಪಡಿಸಿದರೆ ‘ನಿಶ್ಟ್’ ಬೇಕು: ‘ಡಾಸ್ ಇಸ್ಟ್ ನಿಶ್ಟ್ ಮೈನ್ ಬೂಖ್’. ಕ್ರಿಯೆಯನ್ನು ನಿಷೇಧಿಸುವುದೂ ಇದೇ ಪದ. ‘ಇಶ್ ಕೊಮೆ ನಿಶ್ಟ್’ ಎಂಬಲ್ಲಿ ನಿಷೇಧವು ನಮ್ಮ ‘ಬರುವುದಿಲ್ಲ’ದಂತೆಯೇ ಕೊನೆಗೆ ನಿಲ್ಲುತ್ತದೆ.

ಕನ್ನಡದ ನೆರವು ನಿಜವಾಗಿ ಒದಗುವುದು ಇನ್ನೊಂದು ಕಡೆ. ‘ಡು ಮುಸ್ಟ್ ನಿಶ್ಟ್ ಕೊಮ್ಮೆನ್’ ಎಂಬುದನ್ನು ಇಂಗ್ಲಿಷಿನ ‘ಮಸ್ಟ್ ನಾಟ್’ ಜಾಡಿನಲ್ಲಿ ಓದಿದರೆ ‘ನೀನು ಬರಕೂಡದು’ ಎಂದು ಭ್ರಮೆಯಾಗುತ್ತದೆ. ಅದರ ಅರ್ಥ ‘ನೀನು ಬರಬೇಕಾಗಿಲ್ಲ’ ಎಂದಷ್ಟೆ. ಬರಕೂಡದೆನ್ನಲು ‘ಡಾರ್ಫ್‌ಸ್ಟ್ ನಿಶ್ಟ್’ ಎನ್ನಬೇಕು. ಬೇಕಾಗಿಲ್ಲ, ಕೂಡದು ಎಂಬ ಎರಡನ್ನು ಬೇರೆಬೇರೆಯಾಗಿ ಕೇಳುತ್ತ ಬೆಳೆದವರಿಗೆ ಇದು ಒಂದೇ ದಿನದ ಪಾಠ.

ಇದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆದವರೊಬ್ಬರಿದ್ದರು. ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಅವರು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ 1903ರಲ್ಲಿ ಕನ್ನಡ ವ್ಯಾಕರಣವನ್ನೂ ಹೊರತಂದರು. ‘ಮಾಡೆನು’, ‘ಅರಿಯೆ’, ‘ಬಾರನು’ ಮುಂತಾದ ರೂಪಗಳಲ್ಲಿ ಬೇರೊಂದು ನಿಷೇಧಪದವೇ ಕಾಣದು; ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಸೇರಿದರೆ ನಿಷೇಧಾರ್ಥ ಹುಟ್ಟುತ್ತದೆ. ‘ನಿಶ್ಟ್’ ಎಂಬುದನ್ನು ಬಿಡಿಯಾಗಿ ನುಡಿದು ಬೆಳೆದವರಿಗೆ ಇದು ವಿಚಿತ್ರವೆನಿಸದೆ ಇರಲಾರದು.

ಜರ್ಮನ್ನಿನಲ್ಲಿ ನಮಗಿಲ್ಲದ ಸೊಗಸಾದ ಪದವೊಂದಿದೆ: ‘ಡೊಖ್’. ‘ನೀನು ಊಟ ಮಾಡಲಿಲ್ಲವೆ?’ ಎಂದು ತಾಯಿ ಕೇಳಿದಾಗ ಮಗು ‘ಹೌದು’ ಎಂದರೆ ಉಂಡಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಕೇಳಬೇಕಾಗುತ್ತದೆ. ಜರ್ಮನ್ ಮಗು ಉಂಡಿದ್ದರೆ ‘ಡೊಖ್’ ಎನ್ನುತ್ತದೆ, ಉಣ್ಣದಿದ್ದರೆ ‘ನೈನ್’ ಎನ್ನುತ್ತದೆ. ಅಲ್ಲಿಯ ತಾಯಿ ಎರಡನೆಯ ಸಲ ಕೇಳುವುದಿಲ್ಲ.